ಉಚಿತ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಹಣ ಕೊಡುವ ಮೊದಲೇ ಕೇಳಿ

ಕಾಸರಗೋಡಿನ ನಮ್ಮ ಕಡೆಯಲ್ಲಿ ಕನ್ನಡ ಬ್ಲಾಗು ಆರಂಭಿಸಲು ಹೊರಟಿರುವ ಮೂರು ನಾಲ್ಕು ಮಂದಿ ಈಚೆಗೆ ನನ್ನಲ್ಲಿ, ಹೋಸ್ಟಿಂಗ್, ಅಂದರೆ ಜಾಲತಾಣವನ್ನು ಇಡಲು ಬಾಡಿಗೆಯ ಜಾಗ, ಎಲ್ಲಿ ತೆಗೆದುಕೊಂಡರೆ ಒಳ್ಳೆಯದು ಎಂದು ವಿಚಾರಿಸಿದರು. ಇಂಥದೇ ಸಂಸ್ಥೆಗೆ ಹೋಗಿ ಎಂದು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಹೇಗೆ ತೆಗೆದುಕೊಳ್ಳಬಾರದು ಎಂಬುದನ್ನು ಮಾತ್ರ ಕಳೆದುಕೊಂಡು ಕಲಿತಿದ್ದೇನೆ. ಎರಡು ವರ್ಷ ಕಾಲ ಬರೆದ 64 ಲೇಖನಗಳಲ್ಲಿ 9 ಲೇಖನಗಳು ನನಗೆ ಇಂದಿಗೂ ಮರಳಿ ಸಿಕ್ಕಿಲ್ಲ, ಡೊಮೇನ್ ಎನ್ನುವ ಜಾಲತಾಣದ ವಿಳಾಸವಂತೂ ಸಂಪೂರ್ಣವಾಗಿ ಕೈತಪ್ಪಿತು. ನನಗೆ ಹೋಸ್ಟಿಂಗ್ ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಅನುಸರಿಸಿದ ಕ್ರಮವನ್ನೇ ಅನುಸರಿಸುವವರು ಬೇರೆಯೂ ಇದ್ದಾರೆ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಸರಿ ಎಂಬ ಭಾವನೆ ಓದುವವರಲ್ಲಿ ಬಂದೀತು.

ನಾನು ಎಣ್ಮಕಜೆ ಭಾಗದಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಿಕೆ. ಪೆರ್ಲ, ಬಾಯಾರು, ಪಡ್ರೆಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿರುವುದು ನಮ್ಮವರಿಗೆಲ್ಲ ಗೊತ್ತು. ಅವುಗಳನ್ನು ಕೈಯಲ್ಲೇ ತೋಡಿದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದುದರಿಂದ, ಅವರ ಮಾತುಗಳನ್ನು ಅವರದೇ ಪದಗಳಲ್ಲಿ ಬರೆದಿಡಬೇಕೆಂದು 2019ರ ಜೂನ್ ತಿಂಗಳಲ್ಲಿ ಬ್ಲಾಗು ತೆರೆದೆ. ಎಷ್ಟು ಕೋಲು (ಉದ್ದದ ಹಳೆಯ ಅಳತೆ) ಒಳಗೆ ಹೋದಾಗ ಒರತೆ ಸಿಕ್ಕಿತು, ಕಲ್ಲಿನ ಬಣ್ಣ ಎಲ್ಲಿ ಬದಲಾಯಿತು, ಒಯ್ದ ದೀಪ ಮಂಕಾದಾಗ ಏಕೆ ಹೊರಗೆ ಬರಬೇಕು ಎಂಬಂಥ ವಿವರಗಳು ಅದರಲ್ಲಿದ್ದವು. ಹೀಗೆ ಸಂಗ್ರಹಿಸಿದ್ದನ್ನು ಎಲ್ಲಿ ಇಡುತ್ತಿದ್ದೇನೆ ಎಂಬುದನ್ನು ನಾನು ಆಗಲೇ ಯೋಚಿಸಬೇಕಿತ್ತು.

ನನಗೆ ಹೋಸ್ಟಿಂಗ್ ಮಾರಿದವರು ರೀಸೆಲ್ಲರ್, ಅಂದರೆ ದೊಡ್ಡ ಸಂಸ್ಥೆಯೊಂದರಿಂದ ಸರ್ವರಿನ (ಜಾಲತಾಣಗಳನ್ನು ಇಟ್ಟು ಓದುಗರಿಗೆ ತಲಪಿಸುವ ಕಂಪ್ಯೂಟರಿನ) ಜಾಗವನ್ನು ಸಗಟಾಗಿ ಪಡೆದು ನಮ್ಮಂಥವರಿಗೆ ಬಿಡಿಯಾಗಿ ಕೊಡುವವರು. ತಿಂಗಳಿಗೆ 99 ರೂಪಾಯಿಯ ಪ್ಲಾನ್, ಮೂರು ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಕು, ಶೇ. 18ರ ಜಿಎಸ್‌ಟಿ ಬೇರೆ. ಒಟ್ಟು 4,205 ರೂಪಾಯಿಯನ್ನು ಯುಪಿಐ ಮೂಲಕ ಕಳುಹಿಸಿದೆ. ಅನಿಯಮಿತ ಜಾಗ, ಪ್ರತಿದಿನ ಬ್ಯಾಕಪ್ (ಬರಹಗಳ ಕಾಪು ಪ್ರತಿ), ಡಾಟ್ ಕಾಮ್ ಡೊಮೇನ್ ಉಚಿತ ಎಂದು ಅವರು ಹೇಳಿದ್ದರು. ವರ್ಡ್‌ಪ್ರೆಸ್ ಎಂಬ ಬ್ಲಾಗು ನಡೆಸುವ ತಂತ್ರಾಂಶವನ್ನು ಹಾಕಿ ಒಂದೇ ಸಂಜೆಯಲ್ಲಿ ಜಾಲತಾಣವನ್ನು ಸಿದ್ಧಪಡಿಸಿ ಕೊಟ್ಟಾಗ ನನಗೆ ಬಹಳ ಸಂತೋಷವೇ ಆಯಿತು. ಆ ಮೂರು ಮಾತುಗಳಲ್ಲಿ ಒಂದೊಂದರ ಹಿಂದೆಯೂ ಬೇರೆ ಅರ್ಥವಿದೆಯೆಂದು ಆಗ ನನಗೆ ತಿಳಿದಿರಲಿಲ್ಲ.

ಅನಿಯಮಿತ ಎಂಬ ಮಾತಿನ ಮಿತಿ ಒಂದು ವರ್ಷದೊಳಗೆ ಗೊತ್ತಾಯಿತು. 2020ರ ಏಪ್ರಿಲ್‌ನಲ್ಲಿ, ತಲಪಾಡಿಯ ಗಡಿ ಮುಚ್ಚಿ ಎಲ್ಲರೂ ಮನೆಯಲ್ಲೇ ಇದ್ದ ದಿನಗಳಲ್ಲಿ, ಒಂದು ಲೇಖನ ವಾಟ್ಸಾಪಿನಲ್ಲಿ ತುಂಬ ಹಂಚಿಕೆಯಾಗಿ ಒಮ್ಮೆಗೇ ನೂರಾರು ಮಂದಿ ಓದಲು ಬಂದಾಗ ಜಾಲತಾಣವನ್ನು ಎರಡು ದಿನ ಸ್ಥಗಿತಗೊಳಿಸಿದರು. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರನ್ನು ಅನೇಕ ಜಾಲತಾಣಗಳು ಬಳಸುವುದರಿಂದ, ಪ್ರೊಸೆಸರ್ ಸಮಯಕ್ಕೂ ಏಕಕಾಲದ ಸಂಪರ್ಕಗಳಿಗೂ ಕಡತಗಳ ಸಂಖ್ಯೆಗೂ ಮಿತಿ ಇದ್ದೇ ಇರುತ್ತದೆ. ಅದನ್ನು ಷರತ್ತುಗಳ ಪುಟದಲ್ಲಿ ಬರೆದಿರುತ್ತಾರೆ, ಜಾಹೀರಾತಿನಲ್ಲಿ ಬರೆಯುವುದಿಲ್ಲ. ಇದು ಸಹಿಸಿಕೊಳ್ಳಬಹುದಾದ ತೊಂದರೆ. ಮುಂದಿನದು ಹಾಗಲ್ಲ.

2021ರ ಜುಲೈಯಲ್ಲಿ ಮಳೆಗೆ ಮರ ಬಿದ್ದು ನಮ್ಮ ಕೇಬಲ್ ತುಂಡಾಗಿತ್ತು. ಗುಡ್ಡೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತಿದ್ದ ಆ ದಿನಗಳಲ್ಲಿ ಆನ್‌ಲೈನ್ ತರಗತಿ ನಡೆಸುವುದೇ ಕಷ್ಟವಾಗಿದ್ದುದರಿಂದ ಬ್ಲಾಗನ್ನು ಹತ್ತು ದಿನ ತೆರೆದು ನೋಡಿರಲಿಲ್ಲ. ಹನ್ನೊಂದನೆಯ ದಿನ ತೆರೆದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣಿಸಿದವು. ಅಕ್ಷರವೆಂಬುದು ಒಂದೂ ಇರಲಿಲ್ಲ. ಅಂಕೆಗಳು, ಅಲ್ಪವಿರಾಮಗಳು, ಪೂರ್ಣವಿರಾಮಗಳು ಮಾತ್ರ ತಮ್ಮ ತಮ್ಮ ಸ್ಥಾನದಲ್ಲಿ ಉಳಿದಿದ್ದವು. ಒಬ್ಬ ಅಜ್ಜ ತಾನು ತೋಡಿದ ಸುರಂಗಗಳ ಉದ್ದವನ್ನು ಒಂದೊಂದಾಗಿ ಹೇಳಿದ್ದ ವಾಕ್ಯದಲ್ಲಿ 40 ಎಂಬ ಅಂಕೆ ಇತ್ತು, ಅದರ ಮುಂದಿನ ಕೋಲು ಎಂಬ ಪದದ ಜಾಗದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳಿದ್ದವು. ನಮಗೆ ಎರಡು ಅಕ್ಷರವಾಗಿ ಕಾಣುವ ಆ ಪದ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಲೆಕ್ಕದಲ್ಲಿ ನಾಲ್ಕು ಸಂಕೇತ: ಕಕಾರ, ಓತ್ವ, ಲಕಾರ, ಉಕಾರದ ಕೊಂಬು. ಒಂದೊಂದು ಸಂಕೇತಕ್ಕೂ ಒಂದೊಂದು ಚಿಹ್ನೆಯಂತೆ ಲೆಕ್ಕ ಸರಿಯಾಗಿಯೇ ಇತ್ತು.

ಸಹಾಯ ವಿಭಾಗದವರು ಮೂರು ದಿನ ಒಂದೇ ಉತ್ತರ ಕೊಟ್ಟರು: ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ, ಹಾಕಿಕೊಳ್ಳಿ. ಇದು ತಪ್ಪು ಉತ್ತರವೆಂಬುದನ್ನು ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸುತ್ತವೆ. ಆಗ ಬರಹಕ್ಕೆ ಏನೂ ಆಗಿರುವುದಿಲ್ಲ. ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು, ತಲೆಯ ಮೇಲೆ ಗುರುತುಗಳಿರುವ ಎ ಅಕ್ಷರ ಮತ್ತೆ ಮತ್ತೆ ಬರುವಂತೆ ಕಂಡರೆ, ಬರಹಗಳನ್ನು ಕೂಡಿಡುವ ಡೇಟಾಬೇಸ್ ತನ್ನಲ್ಲಿರುವುದನ್ನು ತಪ್ಪಾಗಿ ಓದುತ್ತಿದೆಯೆಂದು ಅರ್ಥ; ಯಾವುದನ್ನೂ ತಿದ್ದಿ ಉಳಿಸದೆ ಹಾಗೆಯೇ ಬಿಟ್ಟರೆ ತಿಳಿದವರು ಅದನ್ನು ಹೆಚ್ಚಿನ ಸಲ ಸರಿಪಡಿಸಬಲ್ಲರು. ಆದರೆ ಡೇಟಾಬೇಸಿನ ಒಳಗೇ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿದ್ದರೆ ಮೂಲ ಅಕ್ಷರ ಅಳಿದೇ ಹೋಗಿದೆ, ಅಲ್ಲಿಂದ ಮರಳಿ ಪಡೆಯುವ ದಾರಿಯಿಲ್ಲ. ಯೂನಿಕೋಡ್ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಲ್ಯಾಟಿನ್-1 ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೆ ಒಂದೇ ಬೈಟ್ ಇರುವುದರಿಂದ ಕನ್ನಡಕ್ಕೆ ಅಲ್ಲಿ ಸ್ಥಳವೇ ಇಲ್ಲ. ನನ್ನ ಜಾಲತಾಣವನ್ನು ಹೊಸ ಸರ್ವರಿಗೆ ಸಾಗಿಸುವಾಗ ಬರಹಗಳನ್ನು ಲ್ಯಾಟಿನ್-1ಕ್ಕೆ ಪರಿವರ್ತಿಸಿಬಿಟ್ಟಿದ್ದರು. ಇಂಗ್ಲಿಷ್ ಜಾಲತಾಣಗಳಿಗೆ ಅದರಿಂದ ತೊಂದರೆಯಾಗದ್ದರಿಂದ ಯಾರೂ ಗಮನಿಸಿರಲಿಲ್ಲ.

ಪ್ರತಿದಿನದ ಬ್ಯಾಕಪ್ ಇದೆಯಲ್ಲ ಎಂದು ಕೇಳಿದೆ. ಇತ್ತು, ಅವರು ಸುಳ್ಳು ಹೇಳಿರಲಿಲ್ಲ. ಆದರೆ ಏಳು ದಿನದ ಪ್ರತಿಗಳನ್ನಷ್ಟೇ ಇಟ್ಟುಕೊಂಡು ಎಂಟನೆಯ ದಿನ ಮೊದಲನೆಯದನ್ನು ಅಳಿಸುವ ಕ್ರಮ ಅವರದು. ನಾನು ನೋಡಿದ್ದು ಹನ್ನೊಂದನೆಯ ದಿನ. ಆ ಹೊತ್ತಿಗೆ ಏಳೂ ಪ್ರತಿಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ತುಂಬಿದ್ದವು. ಜೊತೆಗೆ, ಬ್ಯಾಕಪ್ ಎಂಬುದು ಕೇವಲ ಸೌಜನ್ಯದ ಸೇವೆ, ಮಾಹಿತಿಯ ಹೊಣೆ ಗ್ರಾಹಕರದೇ ಎಂದು ಷರತ್ತುಗಳಲ್ಲಿ ಇದ್ದುದನ್ನು ಅವರು ತೋರಿಸಿದರು. ಅದನ್ನು ನಾನು ಓದಿರಲಿಲ್ಲ. ನೀವು ದಯವಿಟ್ಟು ಓದಿ.

ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸವನ್ನು ಹಾಕಿ ಹುಡುಕಿದಾಗ 27 ಲೇಖನಗಳು ಸಿಕ್ಕಿದವು. 28 ಲೇಖನಗಳನ್ನು ನನ್ನ ನೋಟುಪುಸ್ತಕಗಳಿಂದಲೂ ಫೋನಿನಲ್ಲಿ ಉಳಿದಿದ್ದ ಧ್ವನಿಮುದ್ರಣಗಳಿಂದಲೂ ಮತ್ತೆ ಬರೆದೆ. ಅದಕ್ಕೆ ಆರು ತಿಂಗಳು ಬೇಕಾಯಿತು. ಉಳಿದ 9 ಲೇಖನಗಳನ್ನು ನೇರವಾಗಿ ಕಂಪ್ಯೂಟರಿನಲ್ಲೇ ಬರೆದಿದ್ದರಿಂದ ಅವುಗಳ ಆಧಾರ ಬೇರೆಲ್ಲೂ ಇಲ್ಲ. ಅವುಗಳಲ್ಲಿ ಮಾತನಾಡಿದ ಹಿರಿಯರಲ್ಲಿ ಇಬ್ಬರು ಅಷ್ಟರೊಳಗೆ ತೀರಿಕೊಂಡಿದ್ದರು.

ಇಷ್ಟಾದ ಮೇಲೆ ಬೇರೆ ಕಡೆಗೆ ಹೋಗುವ ನಿರ್ಧಾರ ಮಾಡಿದಾಗಲೇ ಉಚಿತ ಡೊಮೇನ್ ಎಂಬ ಮಾತಿನ ನಿಜವಾದ ಅರ್ಥ ತಿಳಿಯಿತು. 2022ರ ಜೂನ್‌ನಲ್ಲಿ ನವೀಕರಣದ ಬಿಲ್ಲು ಬಂತು: ತಿಂಗಳಿಗೆ 349 ರೂಪಾಯಿಯಂತೆ ಮೂರು ವರ್ಷಕ್ಕೆ ತೆರಿಗೆ ಸೇರಿ 14,825 ರೂಪಾಯಿ. ನನಗೆ ಹೋಸ್ಟಿಂಗ್ ಬೇಡ, ಡೊಮೇನನ್ನು ವರ್ಗಾಯಿಸುವ ಸಂಕೇತವನ್ನು ಕೊಡಿ ಎಂದು ಕೇಳಿದೆ. ಡೊಮೇನ್ ಪ್ಲಾನಿನ ಭಾಗ, ಮೊದಲು ನವೀಕರಿಸಿ ಎಂಬ ಉತ್ತರ ಬಂತು. ಡೊಮೇನ್ ನೋಂದಾಯಿಸಿದ ಮೂಲ ಸಂಸ್ಥೆಗೆ ಬರೆದರೆ, ಈ ಹೆಸರು ನಿಮ್ಮ ಇ-ಮೇಲ್‌ನಲ್ಲಿ ನೋಂದಣಿಯಾಗಿಲ್ಲ, ಆದ್ದರಿಂದ ನಿಮ್ಮೊಡನೆ ಚರ್ಚಿಸಲಾಗದು ಎಂದರು. ರೀಸೆಲ್ಲರ್ ಅದನ್ನು ತಮ್ಮ ಹೆಸರು ಮತ್ತು ತಮ್ಮ ಇ-ಮೇಲ್‌ನಲ್ಲಿ ತೆಗೆದುಕೊಂಡಿದ್ದರು. ಹತ್ತು ಸೆಂಟ್ಸ್ ಜಾಗ ಕೊಳ್ಳುವಾಗ ವಿಲ್ಲೇಜ್ ಆಫೀಸಿಗೆ ಹೋಗಿ ದಾಖಲೆ ಯಾರ ಹೆಸರಿನಲ್ಲಿದೆಯೆಂದು ನೋಡದೆ ಮುಂಗಡ ಕೊಡದ ನಾವು, ನಮ್ಮ ಬರಹದ ವಿಳಾಸ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸುವುದಿಲ್ಲ.

ಇದನ್ನು ಮೊದಲ ವಾರದಲ್ಲೇ ತಿಳಿಯಬಹುದಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಡಾಟ್ ಕಾಮ್‌ನಂಥ ಡೊಮೇನ್ ಹೊಸದಾಗಿ ನೋಂದಣಿಯಾದಾಗ, ಹೆಸರಿನ ಹಕ್ಕುದಾರರಾಗಿ ನಮೂದಾದವರ ಇ-ಮೇಲ್‌ಗೆ ದೃಢೀಕರಣದ ಪತ್ರ ಬರುತ್ತದೆ. 15 ದಿನದೊಳಗೆ ಅದನ್ನು ದೃಢೀಕರಿಸಬೇಕೆಂಬುದು, ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಆ ಪತ್ರ ನನಗೆ ಬರಲೇ ಇಲ್ಲ, ಹಾಗೊಂದು ಪತ್ರ ಬರಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ನಿಮ್ಮ ಹೆಸರಿನಲ್ಲಿ ಡೊಮೇನ್ ತೆಗೆದಿದ್ದೇವೆಂದು ಯಾರಾದರೂ ಹೇಳಿ, ಆ ಪತ್ರ ನಿಮಗೆ ಬಾರದಿದ್ದರೆ ಅಂದೇ ವಿಚಾರಿಸಿ. ಡೊಮೇನ್ ಯಾರದೆಂದು ತೋರಿಸುವ ಹೊರಗಿನ ಹುಡುಕಾಟದ ಪುಟಗಳಲ್ಲಿ ನೋಡಿ ನಿಶ್ಚಿಂತರಾಗಬೇಡಿ, ಏಕೆಂದರೆ 2018ರಿಂದೀಚೆಗೆ ಅಲ್ಲಿ ಹಕ್ಕುದಾರರ ಹೆಸರನ್ನು ಬಹುಮಟ್ಟಿಗೆ ಮರೆಮಾಡಲಾಗುತ್ತಿದೆ. ನೋಂದಣಿ ಸಂಸ್ಥೆಯಲ್ಲಿ ನಿಮ್ಮದೇ ಖಾತೆ ಇದ್ದು, ನಿಮ್ಮದೇ ಪಾಸ್‌ವರ್ಡ್ ಹಾಕಿ ಒಳಗೆ ಹೋದಾಗ ಡೊಮೇನ್ ಕಂಡರೆ ಮಾತ್ರ ಅದು ನಿಮ್ಮದು.

ನಾನು ಹಣ ಕಟ್ಟಲಿಲ್ಲ. ಅವಧಿ ಮುಗಿದ ಡಾಟ್ ಕಾಮ್ ಹೆಸರು ಕೂಡಲೇ ಬಿಡುಗಡೆಯಾಗುವುದಿಲ್ಲ. ನವೀಕರಿಸಲು ಕೆಲವು ವಾರಗಳ ಹೆಚ್ಚುವರಿ ಕಾಲಾವಕಾಶ, ಅನಂತರ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ 30 ದಿನ, ಕೊನೆಗೆ ಅಳಿಸುವ ಮೊದಲಿನ 5 ದಿನ ಕಳೆಯಬೇಕು. ಅದುವರೆಗೆ ಕಾದು ನಾನೇ ಕೊಳ್ಳುತ್ತೇನೆಂದು ಭಾವಿಸಿದ್ದೆ. ಆದರೆ ಹಳೆಯ ಕೊಂಡಿಗಳಿರುವ ಹೆಸರುಗಳಿಗೆ ಹುಡುಕಾಟದಲ್ಲಿ ಬೆಲೆಯಿರುವುದರಿಂದ, ಅವು ಬಿಡುಗಡೆಯಾಗುವ ಗಳಿಗೆಯನ್ನೇ ಕಾದು ಹಿಡಿಯುವ ಸ್ವಯಂಚಾಲಿತ ವ್ಯವಸ್ಥೆಗಳಿವೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ರಾತ್ರಿ, ತೀರಿಕೊಂಡ ಅಜ್ಜನೊಬ್ಬರ ಮೊಮ್ಮಗ ನನಗೆ ಫೋನ್ ಮಾಡಿದ. ಅಜ್ಜನ ಮಾತುಗಳಿದ್ದ ಕೊಂಡಿಯನ್ನು ಅವನು ತನ್ನ ಕುಟುಂಬದ ಗ್ರೂಪಿನಲ್ಲಿ ಇಟ್ಟುಕೊಂಡಿದ್ದ. "ಟೀಚರೇ, ಅಜ್ಜನದ್ದು ಒತ್ತಿದ್ರೆ ಯಾವುದೋ ರಮ್ಮಿ ಆಟ ಬರ್ತದಲ್ಲ?" ಎಂದು ಕೇಳಿದ. ಅವನಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಬೇರೆ ರಾಜ್ಯದಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಂಗಳೂರಿಗೋ ಬೆಂಗಳೂರಿಗೋ ಅಲೆಯಬೇಕಾಗಿಲ್ಲ. ಗಡಿಭಾಗದ ನಮಗೆ ಇದು ಬಹಳ ಉಪಯೋಗದ ಅವಕಾಶ. ಆದರೆ ನನ್ನ ಕೈಯಲ್ಲಿ ಯುಪಿಐಯ ಸ್ಕ್ರೀನ್‌ಶಾಟ್ ಬಿಟ್ಟರೆ ಬಿಲ್ಲಿರಲಿಲ್ಲ, ಡೊಮೇನ್ ನನ್ನ ಹೆಸರಿನಲ್ಲಿ ತೆಗೆದುಕೊಡುವುದಾಗಿ ಅವರು ಬರೆದುಕೊಟ್ಟ ಒಂದು ಸಾಲೂ ಇರಲಿಲ್ಲ. ಎಲ್ಲವೂ ಫೋನಿನ ಮಾತಿನಲ್ಲಿ ನಡೆದಿತ್ತು. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆ.

ಈಗ ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಟ್ಟಿದ್ದೇನೆ. ಡೊಮೇನಿಗೆ ವರ್ಷಕ್ಕೆ ಪ್ರತ್ಯೇಕ ಹಣ ಕೊಡುವುದು ದುಬಾರಿಯೆಂದು ಕಾಣಬಹುದು, ಆದರೆ ಹೋಸ್ಟಿಂಗ್‌ನವರೊಡನೆ ಮನಸ್ತಾಪ ಬಂದ ದಿನ ವಿಳಾಸವನ್ನು ಬೇರೆ ಸರ್ವರಿಗೆ ತಿರುಗಿಸುವುದು ಒಂದೆರಡು ದಿನದ ಕೆಲಸವಷ್ಟೇ ಆಗುತ್ತದೆ. ಎರಡನ್ನೂ ಈಗಾಗಲೇ ಒಂದೇ ಕಡೆ ತೆಗೆದುಕೊಂಡಿದ್ದೀರಾದರೆ, ಡೊಮೇನ್ ನೋಂದಣಿಯಾಗಿ 60 ದಿನ ಕಳೆಯುವವರೆಗೆ ಅದನ್ನು ಬೇರೆ ನೋಂದಣಿ ಸಂಸ್ಥೆಗೆ ವರ್ಗಾಯಿಸಲಾಗದು ಎಂಬುದು ನೆನಪಿರಲಿ. ಹಣ ಕಟ್ಟುವ ಮೊದಲು ನಾನು ಈ ಸಲ ಇ-ಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಂಡದ್ದು ನವೀಕರಣದ ದರವನ್ನು, ಬ್ಯಾಕಪ್ ಎಷ್ಟು ದಿನ ಇಡುತ್ತೀರಿ ಎಂಬುದನ್ನು, ಡೇಟಾಬೇಸ್ ಯುಟಿಎಫ್-8ರಲ್ಲಿದೆಯೇ ಎಂಬುದನ್ನು. ಕೊನೆಯ ಪ್ರಶ್ನೆ ಅರ್ಥವಾಗದ ಒಂದು ಸಂಸ್ಥೆಯನ್ನು ಅಲ್ಲಿಗೇ ಕೈಬಿಟ್ಟೆ. ಪ್ರತಿ ತಿಂಗಳ ಮೊದಲ ಭಾನುವಾರ ವರ್ಡ್‌ಪ್ರೆಸ್‌ನಿಂದ ಬರಹಗಳ ಪ್ರತಿಯನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿಡುತ್ತೇನೆ, ಮತ್ತು ಆ ಕಡತವನ್ನು ತೆರೆದು ಕನ್ನಡ ಕನ್ನಡವಾಗಿಯೇ ಇದೆಯೇ ಎಂದು ಓದಿ ನೋಡುತ್ತೇನೆ. ಆ ಕಡತದೊಳಗೆ ಚಿತ್ರಗಳು ಬರುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿ ನಕಲು ಮಾಡಬೇಕು.

ಬರೆಯುವುದಷ್ಟೇ ನಿಮ್ಮ ಉದ್ದೇಶವಾದರೆ ಮೊದಲ ವರ್ಷ ಹೋಸ್ಟಿಂಗ್ ಕೊಳ್ಳಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಗೂಗಲ್‌ನ ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಮ್‌ಗಳಲ್ಲಿ ಉಚಿತವಾಗಿಯೇ ಬರೆಯಬಹುದು, ಕನ್ನಡಕ್ಕೆ ಅಲ್ಲಿ ತೊಂದರೆಯಿಲ್ಲ, ಬರಹಗಳನ್ನು ಇಳಿಸಿಕೊಳ್ಳುವ ಅನುಕೂಲವೂ ಇದೆ.

ನನ್ನ ಹಳೆಯ ಜಾಲತಾಣದ ಕೊಂಡಿ ನಮ್ಮ ಕಡೆಯ ಅನೇಕ ವಾಟ್ಸಾಪ್ ಗ್ರೂಪುಗಳಲ್ಲಿ ಇನ್ನೂ ಉಳಿದಿದೆ. ಅದು ಈಗ ಜೂಜಿನ ಪುಟಕ್ಕೆ ಹೋಗುತ್ತದೆ. ಮಕ್ಕಳೂ ಫೋನ್ ಹಿಡಿಯುವ ಕಾಲವಾದ್ದರಿಂದ ದಯವಿಟ್ಟು ಅಳಿಸಿಬಿಡಿ. 2019ರಿಂದ 2021ರ ನಡುವೆ ಆ ಲೇಖನಗಳನ್ನು ಯಾರಾದರೂ ಮುದ್ರಿಸಿ ಇಟ್ಟುಕೊಂಡಿದ್ದರೆ, ಅಥವಾ ಅಪ್ಪನೋ ಅಜ್ಜನೋ ತೋಡಿದ ಸುರಂಗದ ಬಗ್ಗೆ ಇದೆಯೆಂದು ಫೋನಿನಲ್ಲಿ ಚಿತ್ರ ತೆಗೆದಿಟ್ಟಿದ್ದರೆ, ಒಂದು ಪುಟವಾದರೂ ಸರಿ, ನನಗೆ ಕಳುಹಿಸಿಕೊಡಿ. 9 ಲೇಖನಗಳ ಶೀರ್ಷಿಕೆಗಳನ್ನು ಹೊಸ ಜಾಲತಾಣದಲ್ಲಿ ಖಾಲಿ ಪುಟಗಳಾಗಿ ಹಾಗೆಯೇ ಇಟ್ಟಿದ್ದೇನೆ.