ಕೆಂಪು ಬಿಲ್ಲೆಯ ಟೈಮರ್: ಎಂಟು ತಿಂಗಳು ಬಳಸಿದ ಮೇಲೆ

ನೋಡೋಕೆ ಮಕ್ಕಳ ಆಟದ ಸಾಮಾನಿನ ಹಾಗಿದೆ. ಅಂಗೈ ಅಗಲದ ಚೌಕ ಡಬ್ಬಿ, ಮುಖದ ಮೇಲೆ 60 ನಿಮಿಷದ ಗುರುತು. ಗುಂಡಿ ತಿರುಗಿಸಿದರೆ ಕೆಂಪು ಬಿಲ್ಲೆ ಹೊರಗೆ ಬರುತ್ತದೆ, ಹೊತ್ತು ಹೋದಂತೆಲ್ಲ ಸಣ್ಣದಾಗುತ್ತದೆ. ಅಷ್ಟೇ.

ನನಗೆ ಎಡಿಎಚ್‌ಡಿ (ಗಮನವನ್ನು ಹತೋಟಿಯಲ್ಲಿಡಲು ಕಷ್ಟವಾಗುವ, ಚಿಕ್ಕಂದಿನಿಂದಲೇ ಇರುವ ತೊಂದರೆ) ಇದೆ ಅಂತ ಗೊತ್ತಾಗಿದ್ದು 39ನೇ ವಯಸ್ಸಿನಲ್ಲಿ. ಡಾಕ್ಟರು ಈಗಿನದ್ದಕ್ಕಿಂತ ಜಾಸ್ತಿ ಕೆದಕಿದ್ದು 12 ವರ್ಷದೊಳಗಿನ ಕತೆಯನ್ನು. ಲಕ್ಷಣಗಳು ಆಗಲೇ ಇದ್ದಿರಬೇಕಂತೆ. ಅಮ್ಮನನ್ನೂ ಕೇಳಿದರು. “ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತೇ ಇರುತ್ತಿದ್ದಳು” ಎಂದರು ಅಮ್ಮ.

ಗಮನವೇ ಇಲ್ಲ ಅಂತಲ್ಲ. ಬೇಕಾದ ಕಡೆ ನಿಲ್ಲುವುದಿಲ್ಲ, ನಿಂತರೆ ಕೀಳೋಕಾಗಲ್ಲ. ಹೊತ್ತಿನ ಅಂದಾಜಂತೂ ಸಿಗುವುದೇ ಇಲ್ಲ. 10 ಗಂಟೆಗೆ ಹೊರಡಬೇಕು ಅಂದರೆ 9.40ಕ್ಕೆ ‘ಇನ್ನೂ ಬೇಕಾದಷ್ಟು ಟೈಮಿದೆ’. ತಲೆ ಎತ್ತಿದರೆ 10.15.

ಫೋನಿನಲ್ಲೇ ಟೈಮರ್ ಇದೆಯಲ್ವಾ ಅನ್ನಬೇಡಿ. ಟೈಮರ್ ಇಡಲು ಫೋನ್ ಎತ್ತಿಕೊಂಡವಳು ಅದನ್ನು ಕೆಳಗಿಡುವುದು ಯಾವಾಗಲೋ. ಅಲ್ಲದೆ 17 ನಿಮಿಷ ಎಂಬ ಅಂಕಿ ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಕೆಂಪು ಕರಗುವುದು ಕಡೆಗಣ್ಣಿಗೇ ಕಾಣುತ್ತದೆ.

ಮೊನ್ನೆ ಸ್ನಾನಕ್ಕೆ ಹೊರಟೆ. ಹೆಗಲ ಮೇಲೆ ಟವೆಲ್. ಬಾಚಣಿಗೆ ಹುಡುಕಲು ಡ್ರಾಯರ್ ಎಳೆದರೆ ಹಿಡಿಯ ಸ್ಕ್ರೂ ಸಡಿಲ. ಸ್ಕ್ರೂಡ್ರೈವರ್ ತಂದೆ. ತಂದ ಮೇಲೆ ಡ್ರಾಯರನ್ನೇ ಖಾಲಿ ಮಾಡಿ ಜೋಡಿಸೋಣ ಅನ್ನಿಸಿತು. ನೆಲದ ತುಂಬ ಹಳೆಯ ಚಾರ್ಜರ್‌ಗಳು. ಆಗ ಕಣ್ಣಿಗೆ ಬಿತ್ತು, ಉಗುರಿನಷ್ಟು ಕೆಂಪು. ಎಲ್ಲ ಹಾಗೇ ಬಿಟ್ಟು ಓಡಿದೆ. ಟೈಮರ್ ಇಲ್ಲದಿದ್ದರೆ ಮಧ್ಯಾಹ್ನವಾಗುತ್ತಿತ್ತು.

ಅಂದರೆ ಕೆಲಸ ನಿಲ್ಲಿಸುವುದಕ್ಕೆ ಇದು ಪಕ್ಕಾ. ಶುರು ಮಾಡಿಸುವುದಿಲ್ಲ. 25 ನಿಮಿಷ ಇಟ್ಟುಕೊಂಡು, ಅದು ಪೂರ್ತಿ ಕರಗುವುದನ್ನೇ ನೋಡುತ್ತಾ ಕೂತ ದಿನಗಳೂ ಇವೆ. ಮಾತ್ರೆ ತಗೊಳ್ಳುವವರು ಅದಕ್ಕೆ ಬದಲು ಅಂದುಕೊಳ್ಳಬೇಡಿ. ಮೂರನೇ ವಾರಕ್ಕೆ ಗೋಡೆಯ ಕ್ಯಾಲೆಂಡರ್ ಥರ ಕಣ್ಣಿಗೆ ಬೀಳುವುದೇ ನಿಂತಿತ್ತು. ಈಗ ಆಗಾಗ ಜಾಗ ಬದಲಿಸುತ್ತೇನೆ.

ಸದ್ದೇ ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿದ್ದಾರೆ. ಸುಳ್ಳು. ರಾತ್ರಿ ಟಿಕ್ ಟಿಕ್ ಚೆನ್ನಾಗಿಯೇ ಕೇಳುತ್ತದೆ. ಕೊನೆಯ ಬೀಪ್ ಮಾತ್ರ ಎಷ್ಟು ಮೆಲ್ಲಗೆ ಅಂದರೆ, ಕೆಲಸದಲ್ಲಿ ಮುಳುಗಿದ್ದರೆ ಕೇಳುವುದೇ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್.

ಹಾಂ, ಬ್ಯಾಟರಿ ಜೊತೆಗೆ ಕೊಡುವುದಿಲ್ಲ. ನಾನು ತಂದು ಎಲ್ಲಿಟ್ಟೆ ಅಂತ ಮರೆತು, ಟೈಮರ್ ಒಂಬತ್ತು ದಿನ ಡಬ್ಬಿಯಲ್ಲೇ ಇತ್ತು.