ಹಳೆಯ ಬಡಾವಣೆಯಲ್ಲಿ ಮನೆ ಕೊಳ್ಳುವವರೇ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಿ

ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದ ಕಡೆ ಹಳೆಯ ಮನೆ ನೋಡುತ್ತಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಮ್ಮ 15 ಲಕ್ಷ ರೂಪಾಯಿ ಒಬ್ಬ ಮನುಷ್ಯನ ಕೈಯಲ್ಲಿ ಸಿಕ್ಕಿಬಿದ್ದಿದೆ. ಆತ ಅದೇ ಮನೆಯನ್ನು ಈಗಲೂ ಬೇರೆಯವರಿಗೆ ತೋರಿಸುತ್ತಿದ್ದಾನೆ. ಅದೇ ಬ್ರೋಕರ್, ಅದೇ ಮಾತು, ಅದೇ ಕಾಗದಗಳ ಕಡತ. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಇರುವುದು ಜಯನಗರದಲ್ಲಿ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹುಟ್ಟಿದ್ದು 1976ರಲ್ಲಿ. ಅದಕ್ಕೂ ಮೊದಲು ಸಿಐಟಿಬಿ (ನಗರ ಸುಧಾರಣಾ ಮಂಡಳಿ) ಇದ್ದ ಕಾಲದಲ್ಲಿ ಮಾರಾಟಗಾರನ ತಂದೆಗೆ ಹಂಚಿಕೆಯಾದ ಸೈಟು. ಊರಿನ ಹೊರವಲಯದಲ್ಲಿ ಮನೆ ನೋಡುವಾಗ ರೆವಿನ್ಯೂ ಸೈಟೋ (ಕೃಷಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ್ದು), ಬಿ ಖಾತಾವೋ (ಪೂರ್ತಿ ಸಕ್ರಮವಲ್ಲದ ಆಸ್ತಿಯದ್ದು), ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಪಕ್ಕದಲ್ಲಿದೆಯೋ ಎಂದು ನಾವೆಲ್ಲರೂ ಹೆದರುತ್ತೇವೆ. ಹಳೆಯ ಬಡಾವಣೆ ಎಂದ ಕೂಡಲೇ ಆ ಹೆದರಿಕೆ ಕಳಚಿಹೋಗುತ್ತದೆ. ಬ್ರೋಕರ್ ಮಾರುವುದು ಆ ನಿಶ್ಚಿಂತೆಯನ್ನೇ. "ಸಾರ್, ಇದು ಸಿಐಟಿಬಿ ಸೈಟು, ಎ ಖಾತಾ, ಇ-ಖಾತಾವೂ ಆಗಿದೆ, ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಒಂದು ಗೆರೆಯೂ ಇಲ್ಲ. ಇನ್ನೇನು ಬೇಕು?" ಇದನ್ನು ಆತ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ಕಾಗದಗಳೂ ಹಾಗೆಯೇ ಇದ್ದವು. ತಂದೆಯ ಹೆಸರಿನ ಹಂಚಿಕೆ ಪತ್ರ, ಕ್ರಯಪತ್ರ, ತಂದೆಯ ಮರಣ ಪ್ರಮಾಣಪತ್ರ, ಇಬ್ಬರು ಗಂಡುಮಕ್ಕಳನ್ನು ಮಾತ್ರ ತೋರಿಸುವ ವಂಶವೃಕ್ಷ, ವಿದೇಶದಲ್ಲಿರುವ ತಮ್ಮನು ಮಾರಾಟಗಾರನಾದ ಅಣ್ಣನಿಗೆ ಬರೆದುಕೊಟ್ಟ ಅಧಿಕಾರ ಪತ್ರ, ಅಣ್ಣನ ಹೆಸರಿಗೆ ಆದ ಖಾತಾ, ಚುಕ್ತಾ ಆದ ಕಂದಾಯದ ರಸೀದಿಗಳು. ನಮ್ಮ ವಕೀಲರು ಓದಿ, ಕೊಟ್ಟಿರುವ ದಾಖಲೆಗಳ ಮಟ್ಟಿಗೆ ಸರಿಯಿದೆ ಎಂದರು. ಕೊಟ್ಟಿರುವ ದಾಖಲೆಗಳ ಮಟ್ಟಿಗೆ. ಕೊಡದೇ ಉಳಿಸಿಕೊಂಡದ್ದು ಏನು ಎಂಬುದು ಮಾರುವವನಿಗೆ ಮಾತ್ರ ಗೊತ್ತಿತ್ತು.

ಮುಂಗಡ ಕೊಟ್ಟೆವು. ಬಂಧುಗಳಿಗೆಲ್ಲ ಹೇಳಿಯಾಗಿತ್ತು. ಮಂಡಿನೋವಿರುವ ನನ್ನ ತಾಯಿ, ದೇವಸ್ಥಾನ, ಪಾರ್ಕು, ತರಕಾರಿ ಅಂಗಡಿ ಎಲ್ಲ ನಡೆದುಹೋಗುವಷ್ಟು ಹತ್ತಿರ ಎಂದು ಸಂತೋಷಪಟ್ಟಿದ್ದರು. ಒಂದು ಭಾನುವಾರ ಅಡುಗೆಮನೆಯ ಅಳತೆ ತೆಗೆಯಲು ಬಡಗಿಯನ್ನು ಕರೆದುಕೊಂಡು ಹೋದೆ. ಪಕ್ಕದ ಮನೆಯ ಹಿರಿಯ ಹೆಂಗಸು ಕಾಂಪೌಂಡಿನಾಚೆಯಿಂದ ಮಾತನಾಡಿಸಿದರು. ಊರು, ಕೆಲಸ, ಮಕ್ಕಳು ಎಲ್ಲ ವಿಚಾರಿಸಿ, ಕೊನೆಗೆ ಕೇಳಿದರು: "ಅಂತೂ ಅವರ ಅಕ್ಕ ಒಪ್ಪಿಕೊಂಡಳೇನಪ್ಪಾ? ಕೇಸು ವಾಪಸು ತೆಗೆದುಕೊಂಡಳೇ?"

ಯಾವ ಅಕ್ಕ? ಯಾವ ಕೇಸು?

ಬಡಗಿ ಟೇಪು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ಆಕೆಗೂ ತಾನು ಆಡಬಾರದ ಮಾತು ಆಡಿದೆನೇನೋ ಎಂದು ಗಾಬರಿಯಾಯಿತು. ಇಡೀ ರಸ್ತೆಗೆ ಗೊತ್ತಿದ್ದ ಸಂಗತಿ ಅದು. ಕೋಟಿಗಟ್ಟಲೆ ಕೊಡಲು ಹೊರಟಿದ್ದ ನಮಗೆ ಮಾತ್ರ ಗೊತ್ತಿರಲಿಲ್ಲ. ಮನೆ ನೋಡಲು ಹೋದಾಗಲೆಲ್ಲ ಬ್ರೋಕರ್ "ಅಕ್ಕಪಕ್ಕದವರ ಹತ್ತಿರ ಮಾತು ಬೇಡ ಸಾರ್, ಹಳೆಯ ಜನ, ಇಲ್ಲದ್ದು ಹಬ್ಬಿಸುತ್ತಾರೆ" ಎಂದು ಅವಸರಪಡಿಸಿ ಕಾರು ಹತ್ತಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಅಂದು ಸಂಜೆಯೇ ನ್ಯಾಯಾಲಯದ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರಾಟಗಾರನ ಹೆಸರು ಹಾಕಿ ಹುಡುಕಿದೆ. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ. ವಾದಿ ಅಕ್ಕ, ಪ್ರತಿವಾದಿಗಳು ತಮ್ಮಂದಿರಿಬ್ಬರು. ನಾವು ಮನೆಯನ್ನು ಮೊದಲು ನೋಡುವುದಕ್ಕಿಂತ ಹಿಂದೆಯೇ ಹೂಡಿದ್ದು.

ಫೋನು ಮಾಡಿದಾಗ ಮಾರಾಟಗಾರ ಕೊಟ್ಟ ಉತ್ತರಗಳನ್ನು ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಸಿಗುತ್ತವೆ. ಮೊದಲು: "ಓ ಅದಾ? ಅದು ನಮ್ಮ ಮನೆಯ ವಿಷಯ." ವಂಶವೃಕ್ಷದಲ್ಲಿ ಅಕ್ಕನ ಹೆಸರು ಯಾಕಿಲ್ಲ ಎಂದರೆ: "ಅವಳನ್ನು ಮದುವೆ ಮಾಡಿ ಕಳಿಸಿಯಾಗಿದೆ. ಕೊಟ್ಟ ಹೆಣ್ಣು ಈ ಮನೆಯ ಪಟ್ಟಿಯಲ್ಲಿ ಯಾಕೆ ಬರುತ್ತಾಳೆ?" ನಾನು ಜೋರಾಗಿ ಕೇಳಿದಾಗ: "ಖಾತಾ ನನ್ನ ಹೆಸರಿನಲ್ಲಿದೆ, ಕಂದಾಯ ಕಟ್ಟುವವನು ನಾನು. ಅವಳು ಒಂದು ರೂಪಾಯಿ ಕಟ್ಟಿದ್ದಾಳಾ?"

ಮದುವೆ ಮಾಡಿ ಕಳಿಸಿದರೆ ಹಕ್ಕು ಹೋಗುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಆತನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳು ಮಗನಷ್ಟೇ ಹಕ್ಕುದಾರಳು ಎಂದು 2005ರ ತಿದ್ದುಪಡಿ ಹೇಳಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಖಾತಾ ಎಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂಬ ಲೆಕ್ಕ, ಒಡೆತನದ ಪತ್ರವಲ್ಲ. ಇದೆಲ್ಲ ಆತನಿಗೆ ಗೊತ್ತಿಲ್ಲವೇ? ಗೊತ್ತಿದ್ದದ್ದರಿಂದಲೇ ಅಕ್ಕನ ಹೆಸರನ್ನು ಬಿಟ್ಟು ವಂಶವೃಕ್ಷ ಮಾಡಿಸಿದ್ದು.

ಬ್ರೋಕರ್‌ನ ಉತ್ತರ ಇನ್ನೂ ಚೆನ್ನಾಗಿತ್ತು: "ಇಸಿಯಲ್ಲಿ ಇಲ್ಲವಲ್ಲ ಸಾರ್!"

ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಇಸಿಯಲ್ಲಿ ಬರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ. ನ್ಯಾಯಾಲಯದಲ್ಲಿ ಯಾರೋ ದಾವೆ ಹೂಡಿದ ಮಾತ್ರಕ್ಕೆ ಅದು ಇಸಿಗೆ ಬಂದು ಕೂರುವುದಿಲ್ಲ. ದಾವೆ ನಡೆಯುತ್ತಿರುವಾಗ ನೀವು ಕೊಂಡರೆ, ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇರುವುದೇ ಅದಕ್ಕೆ. ನಮಗೆ ಗೊತ್ತಿರಲಿಲ್ಲ ಎಂದರೂ ನಡೆಯುವುದಿಲ್ಲ. ಅಂದರೆ ಪೂರ್ತಿ ಹಣ ಕೊಟ್ಟು, ಮುದ್ರಾಂಕ ಶುಲ್ಕ ಕಟ್ಟಿ, ಗೃಹಪ್ರವೇಶ ಮಾಡಿ ಕುಳಿತ ಮೇಲೆ ಆ ಹೆಣ್ಣುಮಗಳ ಪಾಲು ನಮ್ಮ ಗೋಡೆಯೊಳಗೇ ಇರುತ್ತಿತ್ತು. ಆಕೆಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಆಕೆ ಕೇಳುತ್ತಿರುವುದು ತನ್ನದನ್ನು.

ಹಣ ವಾಪಸು ಕೇಳಿದಾಗ ನಿಜವಾದ ಮುಖ ಕಂಡಿತು. ಮೊದಲು "ಅಕ್ಕ ಸಹಿ ಹಾಕುತ್ತಾಳೆ, ಹಬ್ಬ ಕಳೆಯಲಿ." ಆಮೇಲೆ "ಹಣ ಖರ್ಚಾಗಿದೆ, ಬೇರೆ ಪಾರ್ಟಿ ಬಂದಾಗ ಅವರ ಮುಂಗಡದಿಂದ ಕೊಡುತ್ತೇನೆ." ಯೋಚಿಸಿ, ಇನ್ನೊಬ್ಬರನ್ನು ಇದೇ ಗುಂಡಿಗೆ ಬೀಳಿಸಿ ನನ್ನ ಹಣ ತೀರಿಸುತ್ತಾನಂತೆ! ವಕೀಲರಿಂದ ನೋಟಿಸ್ ಕಳಿಸಿದೆವು. ಅದಕ್ಕೆ ಬಂದ ಉತ್ತರ: ಮಾರಾಟದ ಕರಾರಿನ ಅವಧಿಯೊಳಗೆ ಬಾಕಿ ಹಣ ಕೊಡದೆ ಹಿಂದೆ ಸರಿದವರು ನಾವು, ಆದ್ದರಿಂದ ಮುಂಗಡ ಮುಟ್ಟುಗೋಲು. ಮುಚ್ಚಿಟ್ಟವನು ಆತ, ಮಾತಿಗೆ ತಪ್ಪಿದವರು ನಾವು! ಈ ಕಾಗದವನ್ನು ಮಾವನವರ ಮುಂದೆ ಓದಬೇಕಾಯಿತು. ಮುಂಗಡದಲ್ಲಿ ಅವರ ನಿವೃತ್ತಿಯ ಹಣವೂ ಇತ್ತು. ಅವರು ಒಂದು ಮಾತೂ ಆಡಲಿಲ್ಲ. ತಲೆ ಎತ್ತಲಾಗಲಿಲ್ಲ ನನಗೆ.

ಇನ್ನೊಂದು ವಿಷಯ. ಕರಾರನ್ನು ನೋಂದಣಿ ಮಾಡಿಸೋಣ ಎಂದು ನಾವು ಕೇಳಿದ್ದೆವು. "ಸುಮ್ಮನೆ ಖರ್ಚು, ನೋಟರಿ ಸಾಕು, ಎಲ್ಲರೂ ಹಾಗೇ ಮಾಡುವುದು" ಎಂದು ಮಾರಾಟಗಾರ, ಬ್ರೋಕರ್ ಇಬ್ಬರೂ ಒಟ್ಟಿಗೆ ಹೇಳಿದರು. ಕರಾರು ನೋಂದಣಿಯಾಗಿದ್ದರೆ ಇಸಿಯಲ್ಲಿ ಬರುತ್ತಿತ್ತು, ಮುಂದೆ ಬರುವವರು ಅದನ್ನು ಕಂಡು ಪ್ರಶ್ನಿಸುತ್ತಿದ್ದರು. ಈಗ ಅಕ್ಕನ ದಾವೆಯೂ ಕಾಣುವುದಿಲ್ಲ, ನಮ್ಮ 15 ಲಕ್ಷವೂ ಕಾಣುವುದಿಲ್ಲ. ಆ ಇಸಿ ಇವತ್ತಿಗೂ ಖಾಲಿ.

ಆದ್ದರಿಂದ ಇಷ್ಟು ಮಾಡಿ. ಅಕ್ಕಪಕ್ಕದವರ ಹತ್ತಿರ ಮಾತನಾಡಬೇಡಿ ಎನ್ನುವ ಬ್ರೋಕರ್‌ನನ್ನು ಅಲ್ಲೇ ಬಿಟ್ಟು, ಪಕ್ಕದ ಮನೆಯ ಬಾಗಿಲು ತಟ್ಟಿ. ತೀರಿಕೊಂಡ ಯಜಮಾನರಿಗೆ ಮಕ್ಕಳೆಷ್ಟು, ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಕೇಳಿ. ಹೆಣ್ಣುಮಕ್ಕಳಿದ್ದರೆ ಅವರು ಸ್ವತಃ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ತೋರಿಸಲಿ. ಮುಂಗಡಕ್ಕೆ ಮೊದಲೇ, ಈ ಆಸ್ತಿಯಲ್ಲಿ ಹಕ್ಕಿರುವವರು ತಿಳಿಸಿ ಎಂದು ಪತ್ರಿಕೆಯಲ್ಲಿ ವಕೀಲರ ಮೂಲಕ ಪ್ರಕಟಣೆ ಕೊಡಿಸಿ. ಬೇಡ ಎನ್ನುವವನಿಂದ ಕೊಳ್ಳಲೇಬೇಡಿ. ಕರಾರನ್ನು ನೋಂದಣಿ ಮಾಡಿಸಿ.

ಮುಂಗಡ ಈಗಾಗಲೇ ಕೊಟ್ಟಿದ್ದರೆ, ಇ-ಕೋರ್ಟ್ಸ್‌ನಲ್ಲಿ ಬೆಂಗಳೂರು ನಗರದ ಸಿವಿಲ್ ನ್ಯಾಯಾಲಯವನ್ನು ಆರಿಸಿಕೊಂಡು, ಮಾರುವವನ ಹೆಸರು, ಆತನ ತಂದೆಯ ಹೆಸರು, ಒಡಹುಟ್ಟಿದವರ ಹೆಸರು ಒಂದೊಂದಾಗಿ ಹಾಕಿ, ಹಿಂದಿನ ವರ್ಷಗಳನ್ನೂ ಬಿಡದೆ ಇವತ್ತೇ ಹುಡುಕಿ. ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿ ಬದಲಿಸಿ ನೋಡಿ. ನಮ್ಮ ಮಾರಾಟಗಾರನ ಹೆಸರು ದಾವೆಯಲ್ಲಿ ಒಂದು ರೀತಿ, ಖಾತಾದಲ್ಲಿ ಇನ್ನೊಂದು ರೀತಿ ಇತ್ತು.