ಕವಚದ ಸವಾರರು: ಜೆರಿಕೊನೋ, ಮೆಸೊನಿಯೆನೋ?

ನೆಪೋಲಿಯನ್ ಸೇನೆಯ ಕ್ವಿರಾಸಿಯೆಗಳು ಎದೆಗೂ ಬೆನ್ನಿಗೂ ಉಕ್ಕಿನ ಕವಚ ತೊಟ್ಟ ಸವಾರರು. ಅವರ ಒಂದೇ ಒಂದು ಚಿತ್ರದ ಪ್ರಿಂಟ್ ಗೋಡೆಗೆ ಬೇಕು ಅಂದರೆ, ನನ್ನ ಮನಸ್ಸು ಫ್ರೆಂಚ್ ಚಿತ್ರಕಾರರಾದ ಮೆಸೊನಿಯೆ ಮತ್ತು ಜೆರಿಕೊ ಬರೆದ ಎರಡು ಚಿತ್ರಗಳ ಮಧ್ಯೆ ಓಡಾಡುತ್ತದೆ.

ಮೆಸೊನಿಯೆಯ '1807, ಫ್ರೀಡ್‌ಲಾಂಡ್' (ನೆಪೋಲಿಯನ್ ಗೆದ್ದ ಒಂದು ಯುದ್ಧದ ಹೆಸರು) ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಅದಕ್ಕೆ ಅವನು ಹತ್ತು ವರ್ಷಕ್ಕೂ ಜಾಸ್ತಿ ದುಡಿದ. ಕುದುರೆಯ ಓಟ ತಿಳಿಯಲು ಮೇಣದ ಗೊಂಬೆಗಳನ್ನೂ ಮಾಡಿದ. ಸವಾರರು ಬೆಳೆ ತುಳಿಯುತ್ತಾ, ಚಕ್ರವರ್ತಿಗೆ ಜೈಕಾರ ಹಾಕುತ್ತಾ ನುಗ್ಗುತ್ತಾರೆ. ಸಮವಸ್ತ್ರ, ಜೀನು, ಕವಚದ ಹೊಳಪು, ಎಲ್ಲವನ್ನೂ ಹತ್ತಿರದಿಂದ ನೋಡಬಹುದು. ಮಾಡೆಲ್ ಸೈನಿಕರಿಗೆ ಬಣ್ಣ ಹಚ್ಚುವವರು ಇದನ್ನೇ ತಗೊಳ್ಳಿ.

ಜೆರಿಕೊನ 'ಗಾಯಗೊಂಡ ಕ್ವಿರಾಸಿಯೆ' ಬೇರೆಯೇ ಲೋಕ. 1814ರಲ್ಲಿ, ನೆಪೋಲಿಯನ್ ಗದ್ದುಗೆ ಬಿಟ್ಟ ವರ್ಷ, ಇದು ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡಿತು. ಆಗ ಜೆರಿಕೊಗೆ ಬರೀ 23. ಲೂವ್ರ್ ಮ್ಯೂಸಿಯಂನಲ್ಲಿರುವ ಈ ಚಿತ್ರದ ಎತ್ತರ ಮೂರೂವರೆ ಮೀಟರ್! ಅಷ್ಟು ದೊಡ್ಡ ಜಾಗದಲ್ಲಿ ಒಬ್ಬನೇ ಸವಾರ. ಕುದುರೆಯ ಲಗಾಮು ಹಿಡಿದು ಇಳಿಜಾರಿನಲ್ಲಿ ಕಾಲಿಡುತ್ತಾ ಹಿಂದಿರುಗಿ ನೋಡುತ್ತಾನೆ. ಗಾಯ ಎಲ್ಲೂ ಕಾಣಿಸಲ್ಲ, ಆದರೆ ಮುಖದಲ್ಲಿ ಭಯ ಇದೆ. ಅಷ್ಟು ಭಾರದ ಕವಚ ಇದ್ದೂ ಮನುಷ್ಯ ಎಷ್ಟು ಮೆತ್ತಗೆ, ಅಲ್ವಾ? ಪ್ರತಿ ಸಲ ನೋಡಿದಾಗಲೂ ನನಗೆ ಗಂಟಲು ಕಟ್ಟುತ್ತದೆ.

ಸಣ್ಣ ಪ್ರಿಂಟ್‌ನಲ್ಲಿ ಮೆಸೊನಿಯೆಯ ಸೂಕ್ಷ್ಮಗಳು ಕಳೆದುಹೋಗುತ್ತವೆ. ಜೆರಿಕೊನ ಸವಾರ ದೂರದಿಂದಲೂ ಹಿಡಿದು ನಿಲ್ಲಿಸುತ್ತಾನೆ. ನನ್ನ ಗೋಡೆಗೆ ಜೆರಿಕೊನೇ.